ಐನ್ ದರ್ದಾರಿನ ಕುಸ್ಕುಸ್ ಸಂಘ

ನಮ್ಮ ಐನ್ ದರ್ದಾರಿನಲ್ಲಿ ನಲ್ಲಿ ನೀರು ವಾರಕ್ಕೆರಡು ದಿನ ಬರುತ್ತದೆ. ಸಂಘಗಳು ಮಾತ್ರ ದಿನಾ ಸೇರುತ್ತವೆ. ಅವು ಸೇರುವ ಕಟ್ಟಡಕ್ಕೆ ಯುವಜನ ಭವನ ಎಂದು ಹೆಸರು. ಅಲ್ಲಿಗೆ ಬರುವವರಲ್ಲಿ ಎಲ್ಲರಿಗಿಂತ ಕಿರಿಯರಿಗೂ ಮೊಮ್ಮಕ್ಕಳಿದ್ದಾರೆ. ಅಲ್ಲಿ ಗುಡಿಸುವುದು, ಕಾಫಿ ಮಾಡುವುದು ನನ್ನ ಕೆಲಸ. ಶಾಲೆ ಬಿಟ್ಟ ಮೇಲೆ ಸಿಕ್ಕಿದ ಕೆಲಸ. ಕೊಡಿಸಿದವರು ಸೀ ಬುಬಕರ್.

ಸೀ ಬುಬಕರ್ ಅಂಚೆ ಕಚೇರಿಯ ಮುಖ್ಯಸ್ಥರಾಗಿ ನಿವೃತ್ತರಾದವರು. ಕಚೇರಿ ಬಿಟ್ಟರೂ ಅವರಿಗೆ ಮೊಹರು ಬಿಡಲಾಗಲಿಲ್ಲ. ಊರಿನ ಏಳಿಗೆ ಸಮಿತಿಯ ಅಧ್ಯಕ್ಷರು ಅವರೇ, ಇನ್ನೂ ಕೆಲವು ಸಂಘಗಳ ಅಧ್ಯಕ್ಷರೂ ಅವರೇ. ಎಲ್ಲ ಸಂಘಗಳ ಗುಂಡು ಮೊಹರುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಬೆಳಿಗ್ಗೆ ಬರುತ್ತಾರೆ, ಸಂಜೆ ಮನೆಗೆ ಒಯ್ಯುತ್ತಾರೆ. ಮೀನು ಹಿಡಿಯುವವರ ಸಂಘವೊಂದಿದೆ. ಊರಿಗೆ ಹೊಳೆಯಿಲ್ಲ, ಅವರು ಗಾಳದ ಕೋಲುಗಳಿಗೆ ಎಣ್ಣೆ ಹಚ್ಚುತ್ತಾರೆ. ಚೆಸ್ ಸಂಘದಲ್ಲಿ ಬಿಳಿಯ ರಾಣಿ ಕಳೆದುಹೋಗಿ ವರ್ಷಗಳಾದವು. ಅದರ ಜಾಗದಲ್ಲಿ ಕೆಮ್ಮಿನ ಔಷಧಿಯ ಮುಚ್ಚಳ ಆಡುತ್ತಿದೆ, ಸೋತವರು ಮುಚ್ಚಳದ ಮೇಲೆ ತಪ್ಪು ಹೊರಿಸುತ್ತಾರೆ. ಫುಟ್‌ಬಾಲ್ ಅಭಿಮಾನಿಗಳ ಸಂಘ ಎರಡಿವೆ. ತಂಡ ಮುಚ್ಚಿದ ಮೇಲೆ, ಯಾರಿಂದ ಮುಚ್ಚಿತು ಎಂದು ಜಗಳವಾಗಿ ಎರಡಾದವು. ಇವೆಲ್ಲಕ್ಕಿಂತ ದೊಡ್ಡದು ಮಕ್ನೀನ್ ಹಕ್ಕಿ ಸಾಕುವವರ ಸಂಘ. ಅವರು ಪಂಜರಕ್ಕೆ ಬಟ್ಟೆ ಮುಚ್ಚಿ ತಂದು ಸಾಲಾಗಿ ಗೋಡೆಗೆ ತೂಗುಹಾಕಿ ಹಕ್ಕಿ ಹಾಡುವುದನ್ನೇ ಕಾಯುತ್ತ ಕೂರುತ್ತಾರೆ. ಯಾರ ಹಕ್ಕಿಯೂ ಹಾಡದ ದಿನವೇ ಹೆಚ್ಚು. ಆಗ ಅವರೇ ಮಾತಾಡುತ್ತಾರೆ.

ಹೋದ ವರ್ಷ ಪಕ್ಕದ ಬಿರ್ ಸಾಲಹ್ ಜಿಲ್ಲಾ ಕೇಂದ್ರವಾಯಿತು. ಅವತ್ತಿನಿಂದ ನಮ್ಮ ಊರಿನ ಗಂಡಸರಿಗೆ ಊಟ ಸೇರಲಿಲ್ಲ. "ಅಲ್ಲೇನಿದೆ ಅಂತ? ಒಂದು ಟ್ರಾಫಿಕ್ ದೀಪ!" ಎಂದು ಬೈದುಕೊಂಡೇ ನಾವೂ ಒಂದು ಟ್ರಾಫಿಕ್ ದೀಪ ಹಾಕಿಸಿದೆವು. ವೃತ್ತದಲ್ಲಿ ಬಿರ್ ಸಾಲಹ್‌ನದಕ್ಕಿಂತ ಎತ್ತರದ ಸಿಮೆಂಟಿನ ಕಾಫಿ ಕೂಜ ಕಟ್ಟಿಸಿದೆವು. ಕೂಜದ ಮೂತಿಯಿಂದ ನೀರು ಸುರಿಯಬೇಕು ಎಂದು ಯೋಜನೆ. ಅದೂ ವಾರಕ್ಕೆರಡು ದಿನ ಸುರಿಯುತ್ತದೆ.

ಆಗಸ್ಟ್ ತಿಂಗಳಲ್ಲಿ ರಾಜಧಾನಿಯಿಂದ ಸುದ್ದಿ ಬಂತು. ಸಣ್ಣ ಊರುಗಳಲ್ಲಿ ಸಮುದಾಯ ಜೀವನ ಹೇಗಿದೆ ಎಂದು ನೋಡಲು ಒಂದು ನಿಯೋಗ ಬರುತ್ತದೆ, ಚೆನ್ನಾಗಿರುವ ಊರನ್ನು ಮೇಲಕ್ಕೆ ಶಿಫಾರಸು ಮಾಡುತ್ತದೆ. ಅವತ್ತೇ ಸಂಜೆ ಎಲ್ಲ ಅಧ್ಯಕ್ಷರ ಸಭೆ ಸೇರಿತು. ಎಲ್ಲ ಅಧ್ಯಕ್ಷರು ಎಂದರೆ ಸೀ ಬುಬಕರ್, ಮತ್ತೆ ನಾಲ್ಕೈದು ಜನ. ನಾನು ಕಾಫಿ ತಟ್ಟೆ ಹಿಡಿದು ಒಳಗೆ ಹೋದೆ.

"ಹೆಂಗಸರ ಸಂಘ ಎಷ್ಟಿವೆ ಅಂತ ಕೇಳಿದಾರೆ," ಎಂದರು ಸೀ ಬುಬಕರ್.

"ಒಂದೂ ಇಲ್ವಲ್ಲ," ಎಂದರು ಚೆಸ್ಸಿನವರು.

"ಒಂದೂ ಇಲ್ಲ ಅಂತ ಹೇಳಕ್ಕಾಗತ್ತಾ? ಬಿರ್ ಸಾಲಹ್‌ನವರು ಕೇಳಿದ್ರೆ ಬಿದ್ದು ಬಿದ್ದು ನಗ್ತಾರೆ."

"ನಮ್ಮನೆಯವಳನ್ನ ಹಕ್ಕಿ ಸಂಘಕ್ಕೆ ಸೇರಿಸಿಬಿಡ್ಲಾ?" ಎಂದರು ಹಕ್ಕಿ ಸಂಘದ ಖಜಾಂಚಿ ಸೀ ಅಲ್ಲಾವಾ. "ಹೆಂಗೂ ಪಂಜರ ತೊಳೆಯೋದು ಅವಳೇ."

"ಅವಳು ಬಂದು ಕೂತರೆ ನೀನು ಮಾತಾಡ್ತೀಯೇನೋ?" ಎಂದರು ಚೆಸ್ಸಿನವರು.

"ಅದೂ ಒಂದು ಕಷ್ಟ," ಎಂದು ಸೀ ಅಲ್ಲಾವಾ ಒಪ್ಪಿಕೊಂಡರು.

ಲೋಟ ಕೊಡುವಾಗಲೇ ಕೇಳಿಬಿಡುವುದು ಒಳ್ಳೆಯದೆಂದು ನಾನು ಮೆಲ್ಲಗೆ, "ಸೀ ಬುಬಕರ್, ಗುರುವಾರ ನನಗೆ ರಜ ಬೇಕಿತ್ತು," ಎಂದೆ.

"ಗುರುವಾರ ನಿಯೋಗ ಬರೋದು! ಅವತ್ತೇ ರಜವಾ? ಏನಿದೆ ಮನೇಲಿ?"

"ತ್ವೀಜಾ. ಅಕ್ಕ ಸೌಸನ್ ಮದುವೆಯ ಕುಸ್ಕುಸ್ ಹೊಸೆಯೋದಿದೆ."

ಸೀ ಬುಬಕರ್ ಲೋಟ ಕೆಳಗಿಟ್ಟರು. "ಎಷ್ಟು ಹೆಂಗಸರು ಬರ್ತಾರೆ?"

"ಗೊತ್ತಿಲ್ಲ. ಬಂದಷ್ಟು ಜನ. ಬೀದಿಯವರು ಎಲ್ಲಾ ಬರ್ತಾರೆ."

"ಅಧ್ಯಕ್ಷರು ಯಾರು?"

ತ್ವೀಜಾ ಎಂದರೆ ಒಬ್ಬರ ಮನೆಯ ಕೆಲಸಕ್ಕೆ ಬೀದಿಯವರೆಲ್ಲ ತಾವಾಗಿ ಬಂದು ಕೈಜೋಡಿಸುವುದು. ರವೆಗೆ ನೀರು ಚಿಮುಕಿಸಿ ಅಂಗೈಯಲ್ಲಿ ಸಣ್ಣ ಹರಳಾಗಿ ಕುಸ್ಕುಸ್ ಹೊಸೆಯಲು ಅಧ್ಯಕ್ಷರು ಬೇಕೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

"ನೋಡಿದ್ರಾ?" ಎಂದು ಅವರು ಎಲ್ಲರ ಕಡೆ ತಿರುಗಿದರು. "ಸಂಘ ಇದೆ. ಅಧ್ಯಕ್ಷರು ಇಲ್ಲ, ಮೊಹರು ಇಲ್ಲ, ಅಷ್ಟೇ. ನಮ್ಮ ಹೆಂಗಸರು ಇಷ್ಟು ವರ್ಷ ಸುಮ್ಮನೆ ವ್ಯರ್ಥವಾಗಿ ಸೇರ್ತಾ ಇದ್ರು!"

ಮಾರನೆಯ ದಿನ ಅವರು ನಮ್ಮ ಮನೆಗೆ ಬಂದರು. ನನ್ನ ಅಮ್ಮ ತುರ್ಕಿಯಾ ಯಾರಿಗೂ ಎದುರು ಮಾತಾಡಿದವಳಲ್ಲ. ತರಕಾರಿಯವನು ಕೊಳೆತ ಟೊಮೇಟೊ ಕೊಟ್ಟರೂ ಮನೆಗೆ ಬಂದು ನಮ್ಮ ಮುಂದೆ ಗೊಣಗುವವಳು. ಅಪ್ಪ ದೂರದ ಮರಳುಗಾಡಿನ ಗ್ಯಾಸ್ ಬಾವಿಗಳಲ್ಲಿ ಕೆಲಸಕ್ಕಿದ್ದು, ಮದುವೆಯ ಹಿಂದಿನ ದಿನ ಬರುವವರಿದ್ದರು. ಹಾಗಾಗಿ ಮದುವೆಯ ಭಾರವೆಲ್ಲ ಅಮ್ಮನ ಮೇಲೆಯೇ ಬಿದ್ದಿತ್ತು. ಅದರಲ್ಲೂ ಕುಸ್ಕುಸ್ಸಿನದೇ ಅವಳಿಗೆ ನಿದ್ದೆಗೆಡಿಸಿದ ಚಿಂತೆ. ಅಕ್ಕನನ್ನು ಕೊಡುತ್ತಿದ್ದುದು ಬಿರ್ ಸಾಲಹ್‌ಗೆ. ನಿಶ್ಚಿತಾರ್ಥದ ದಿನ ಅಕ್ಕನ ಅತ್ತೆಯಾಗುವವರು ಸೋಫಾದಲ್ಲಿ ಕೂತು, "ನಮ್ಮ ಕಡೆ ಈಗ ಪ್ಯಾಕೆಟ್ಟೇ ತರೋದು ತಾಯಿ, ಯಾರಿಗೆ ಪುರುಸೊತ್ತಿದೆ? ನಿಮ್ಮದು ಸಣ್ಣ ಊರು, ಕೈಯಲ್ಲಿ ಹೊಸೆದದ್ದೇ ಮಾಡ್ತೀರಿ ಅಲ್ವಾ, ಅದನ್ನ ತಿನ್ನೋಕೇ ನಾವು ಬರೋದು," ಎಂದಿದ್ದರು. ಹೊಗಳಿದರೋ ಚುಚ್ಚಿದರೋ ಎಂದು ಅಮ್ಮನಿಗೆ ಇವತ್ತಿಗೂ ತಿಳಿದಿಲ್ಲ. ಮದುವೆಯ ತಟ್ಟೆಯಲ್ಲಿ ಪ್ಯಾಕೆಟ್ಟಿನ ಕುಸ್ಕುಸ್ ಬಿತ್ತೆಂದರೆ ಅಕ್ಕ ಆ ಮನೆಯಲ್ಲಿ ಜೀವಮಾನವಿಡೀ ಅದನ್ನು ಕೇಳಬೇಕಾಗುತ್ತದೆ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ಮದುವೆಗೆ ಉಳಿದಿದ್ದುದು ಒಂದೇ ವಾರ. ಹೊಸೆದದ್ದು ನೆರಳಲ್ಲಿ ಒಣಗಬೇಕು. ರವೆಯ ಮೂಟೆಗಳು ಬಂದು ನಡುಮನೆಯಲ್ಲಿ ಕೂತಿದ್ದವು.

"ಭವನದ ದೊಡ್ಡ ಸಭಾಂಗಣ ನಿಮ್ಮದೇ ಅಂದ್ಕೊಳ್ಳಿ," ಎಂದರು ಸೀ ಬುಬಕರ್. "ಫ್ಯಾನು ಇದೆ, ಜಾಗ ಇದೆ. ಮೂಟೆ ಹೊರೋಕೆ ವ್ಯಾನು ಕಳಿಸ್ತೀನಿ. ಮನೇಲಿ ಹೊಸೆಯೋದನ್ನ ಅಲ್ಲಿ ಹೊಸೆದರೆ ಆಯ್ತು. ಊರಿನ ಏಳಿಗೆ ನಿಮ್ಮ ಕೈಲಿದೆ ಲಾಲ್ಲಾ ತುರ್ಕಿಯಾ!"

ಅಮ್ಮ ತನ್ನ ಕೈಗಳನ್ನು ನೋಡಿಕೊಂಡಳು. "ನಮ್ಮ ಹೆಂಗಸರು ಮಾಳಿಗೆ ಮೇಲೆ ಬಟ್ಟೆ ಹರಡಿದ್ದು ನೋಡಿ ಬರೋರು, ಸೀ ಬುಬಕರ್. ಭವನಕ್ಕೆ..."

"ಅದರ ಚಿಂತೆ ನನಗೆ ಬಿಡಿ. ನಾನು ಕರೆಸ್ತೀನಿ."

ಕರೆಸುತ್ತೇನೆ ಎಂದಾಗ ಅಮ್ಮನ ಮುಖ ಬಾಡಿದ್ದನ್ನು ನಾನು ನೋಡಿದೆ. ಆದರೆ ಮಗಳಿಗೆ ಕೆಲಸ ಕೊಡಿಸಿದವರಿಗೆ ಆಗುವುದಿಲ್ಲ ಎನ್ನುವುದು ಹೇಗೆ? ಅವರು ಹೋದ ಮೇಲೆ ಅವಳು ಬಹಳ ಹೊತ್ತು ಮೂಟೆಯ ಮೇಲೆ ಕೂತಿದ್ದಳು.

ಎರಡು ದಿನದಲ್ಲಿ ಆಹ್ವಾನ ಪತ್ರಿಕೆ ಅಚ್ಚಾಗಿ ಬಂತು. ದಪ್ಪ ಹೊಳಪು ಕಾಗದ, ಅಂಚಿಗೆ ಬಂಗಾರದ ಬಣ್ಣ. 'ಐನ್ ದರ್ದಾರ್ ಕುಸ್ಕುಸ್ ಸಂಘವು ತನ್ನ ಉದ್ಘಾಟನೆಗೆ ತಮ್ಮನ್ನು ಗೌರವಪೂರ್ವಕವಾಗಿ ಆಹ್ವಾನಿಸುತ್ತದೆ.' ಕೆಳಗೆ ಒಬ್ಬೊಬ್ಬ ಹೆಂಗಸಿನ ಹೆಸರು, ಅದರ ಕೆಳಗೆ ಅಧ್ಯಕ್ಷರಾಗಿ ಸೀ ಬುಬಕರ್ ಸಹಿ, ಸಹಿಯ ಮೇಲೆ ಹೊಚ್ಚ ಹೊಸ ಗುಂಡು ಮೊಹರು. ಹಂಚುವ ಕೆಲಸ ನನಗೆ ಬಂತು.

"ಸೀ ಬುಬಕರ್," ಎಂದೆ. "ತ್ವೀಜಾಕ್ಕೆ ಕರೆಯೋ ಪದ್ಧತಿ ಇಲ್ಲ."

"ಏನಂದೆ? ಜೋರಾಗಿ ಹೇಳು, ಕೇಳಿಸಲಿಲ್ಲ."

"ಕರೆದರೆ ಅವರು ಅತಿಥಿ ಆಗ್ತಾರೆ."

"ಆಗಲಿ ಬಿಡು, ಅದೇ ತಾನೆ ಮರ್ಯಾದೆ! ಇಷ್ಟು ವರ್ಷ ಪಾಪ, ಕರೆಯದೆ ಬರ್ತಾ ಇದ್ರು." ಅವರು ನಿಜಕ್ಕೂ ಮರುಗಿದರು. ನನಗೆ ಮುಂದಕ್ಕೆ ಮಾತು ಹೊರಡಲಿಲ್ಲ. ನನ್ನ ಗಂಟಲೇ ಹಾಗೆ, ಮೊದಲ ಮಾತಿಗೆ ತೆರೆದರೆ ಎರಡನೆಯದಕ್ಕೆ ಮುಚ್ಚಿಕೊಳ್ಳುತ್ತದೆ.

ಮೊದಲ ಪತ್ರಿಕೆ ಬೀದಿಗೆಲ್ಲ ಚಿಕ್ಕಮ್ಮನಾದ ಖಾಲ್ತಿ ಬರ್ಕಾಹುಮ್‌ಗೆ. ನಮ್ಮ ಬೀದಿಯಲ್ಲಿ ಆಕೆಯಷ್ಟು ಚುರುಕಾಗಿ ಹೊಸೆಯುವವರೂ ಇಲ್ಲ, ಆಕೆಯಷ್ಟು ಚುರುಕಾಗಿ ಬೈಯುವವರೂ ಇಲ್ಲ. ಆಕೆಗೆ ಓದು ಬರುವುದಿಲ್ಲ. ನಾನು ಓದಿ ಹೇಳಿದೆ. ಆಕೆ ಪತ್ರಿಕೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

"ನನ್ನ ಹೆಸರು ಬರೆದಿದಾರಾ?"

"ಹೂಂ ಖಾಲ್ತಿ."

"ನಿಮ್ಮಮ್ಮ ನಲವತ್ತು ವರ್ಷದಲ್ಲಿ ಒಂದು ಸಲಾನೂ ನನ್ನನ್ನ ಕರೆದಿಲ್ಲ. ನಾನೂ ಅವಳನ್ನ ಕರೆದಿಲ್ಲ. ಈಗ ನಾನೇನು ಪರಕೀಯಳಾದೆನಾ?"

"ಅಮ್ಮ ಅಲ್ಲ ಖಾಲ್ತಿ, ಸಂಘ."

"ರವೆ ಯಾರದು?"

"ನಮ್ಮದು."

"ಹಾಗಾದ್ರೆ ಕರೆದವಳು ನಿಮ್ಮಮ್ಮ." ಆಕೆ ಪತ್ರಿಕೆಯನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದಳು. "ಆಯ್ತು. ಬರ್ತೀನಿ. ಅತಿಥಿ ಹೇಗೆ ಬರಬೇಕೋ ಹಾಗೇ ಬರ್ತೀನಿ."

ನಮ್ಮಲ್ಲಿ ಅತಿಥಿಯಾಗಿ ಬಂದವರು ಮನೆಯೊಡತಿಯ ಕೆಲಸಕ್ಕೆ ಕೈ ಹಾಕುವಂತಿಲ್ಲ. ಹಾಕಿದರೆ, ನಿನ್ನ ಮನೆಯಲ್ಲಿ ದುಡಿಯುವ ಕೈಗಳಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಹೊರಗಿನವರ ಎದುರಿಗೆ ಹಾಕಿದರಂತೂ ಆ ಮನೆಯ ಮಾನವನ್ನೇ ಬೀದಿಗೆ ಎಳೆದ ಹಾಗೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಹೆಣ್ಣುಮಕ್ಕಳಿಗೆ ಜಡೆ ಹಾಕುವ ವಯಸ್ಸಿಗೆ ತಾನಾಗಿ ತಿಳಿದಿರುತ್ತದೆ. ಸಂಜೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು, "ಅವರು ನನ್ನ ಮುಖ ನೋಡಿಯಾದ್ರೂ ಹೊಸೀತಾರೆ ಕಣೇ ವಹೀಬಾ," ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ವ್ಯಾನು ಬಂದು ಮೂಟೆ, ಮರಿಗೆ, ಜರಡಿ, ಬಿಳಿ ಹಾಸುಬಟ್ಟೆ ಎಲ್ಲವನ್ನೂ ಹೊತ್ತೊಯ್ಯಿತು. ಸಭಾಂಗಣದ ನಡುವೆ ದೊಡ್ಡ ಮರದ ಮರಿಗೆಗಳನ್ನು ದುಂಡಗೆ ಇಟ್ಟೆವು. ಬಾಗಿಲ ಮೇಲೆ ಸಂಘದ ಹೆಸರಿನ ಬಟ್ಟೆ ಕಟ್ಟಿತ್ತು. ವೇದಿಕೆಯ ಮೇಲೆ ಹೂವಿನ ಕುಂಡ, ಮೈಕು, ಸೀ ಬುಬಕರ್ ಹೆಂಡತಿ ಲಾಲ್ಲಾ ನಫೀಸಾಗೆ ಮೆತ್ತನೆಯ ಕುರ್ಚಿ. ತನ್ನ ಗಂಡನ ಸಹಿಯ ಆಹ್ವಾನ ಪತ್ರಿಕೆಯನ್ನು ಆಕೆಯೂ ಕೈಯಲ್ಲಿ ಹಿಡಿದು ಬಂದಿದ್ದಳು. ಗಂಡ ಅಧ್ಯಕ್ಷರಾದ ದಿನದಿಂದ ಆಕೆಯನ್ನು ಎಲ್ಲರೂ ಎಲ್ಲದಕ್ಕೂ ಕರೆಯುವವರೇ ಆದ್ದರಿಂದ ಆಕೆ ಒಂದು ತ್ವೀಜಾವನ್ನೂ ಕಂಡಿರಲಿಲ್ಲ.

ಎಲ್ಲರೂ ಬಂದರು. ಒಬ್ಬರೂ ತಪ್ಪಲಿಲ್ಲ. ಬೇಕರಿಯ ಝುಲೈಖಾ ಮಗನ ಮದುವೆಗೆ ಹೊಲಿಸಿದ ನೀಲಿ ಮಖಮಲ್ಲಿನ ಕಫ್ತಾನು ತೊಟ್ಟು ಬಂದಳು. ದರ್ಜಿ ವನಾಸಾ ಹಣೆಗೆ ಬಂಗಾರದ ಸರ ಕಟ್ಟಿದ್ದಳು. ಖಾಲ್ತಿ ಬರ್ಕಾಹುಮ್ ಹಜ್‌ಗೆ ಹೋಗಿ ಬಂದ ಮೇಲೆ ಪೆಟ್ಟಿಗೆಯಿಂದ ತೆಗೆಯದೆ ಇಟ್ಟಿದ್ದ ಬಿಳಿ ರೇಷ್ಮೆ ನಿಲುವಂಗಿ ತೊಟ್ಟಿದ್ದಳು. ಒಬ್ಬೊಬ್ಬರ ಕೈಯಲ್ಲೂ ಸಕ್ಕರೆ ಪೊಟ್ಟಣ, ಕಾಫಿ ಪುಡಿ. ಅಮ್ಮನ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಟ್ಟು, "ಮಂಗಳವಾಗಲಿ" ಎಂದು ಹೇಳಿ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತರು. ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಆ ಕೈಗಳು ಅಷ್ಟು ಸುಮ್ಮನಿದ್ದದ್ದನ್ನು ನಾನು ಸಾವಿನ ಮನೆಯಲ್ಲೂ ಕಂಡಿರಲಿಲ್ಲ.

ಅಮ್ಮ ನಡುವೆ ನಿಂತಿದ್ದಳು. ಅವರು ಎದ್ದಾರು ಎಂಬ ಆಸೆಯಿಂದ ಮೊದಲ ಮರಿಗೆಗೆ ರವೆ ಸುರಿದು ಉಪ್ಪುನೀರು ಚಿಮುಕಿಸಿದಳು. ಯಾರೂ ಏಳಲಿಲ್ಲ.

"ಗಾಳಿ ಚೆನ್ನಾಗಿದೆ ಅಲ್ವಾ?" ಎಂದಳು ಝುಲೈಖಾ, ಫ್ಯಾನಿನ ಕಡೆ ನೋಡುತ್ತ.

"ತುಂಬಾ ಚೆನ್ನಾಗಿದೆ," ಎಂದಳು ವನಾಸಾ.

ಆಗಲೇ ನಿಯೋಗ ಬಂತು. ದಪ್ಪ ಕನ್ನಡಕದ ಒಬ್ಬ ಮದಾಂ, ಆಕೆಯ ಹಿಂದೆ ಇಬ್ಬರು ಗಂಡಸರು, ಅವರ ಹಿಂದೆ ನಮ್ಮ ಊರಿನ ಎಲ್ಲ ಸಂಘಗಳು. ಸೀ ಅಲ್ಲಾವಾ ಪಂಜರವನ್ನೂ ತಂದಿದ್ದರು. ಸೀ ಬುಬಕರ್ ಮೈಕಿನ ಮುಂದೆ ನಿಂತು ಸಮುದಾಯ, ಪರಂಪರೆ, ಪ್ರಗತಿ ಎಂದು ಬಹಳ ಹೊತ್ತು ಮಾತಾಡಿ, ಕೊನೆಗೆ ಎರಡೂ ಕೈ ಚಾಚಿ, "ಈಗ ನಮ್ಮ ಸಂಘದ ಸದಸ್ಯೆಯರು ಕುಸ್ಕುಸ್ ಹೊಸೆದು ತೋರಿಸುತ್ತಾರೆ!" ಎಂದರು.

ಸದಸ್ಯೆಯರು ಚಪ್ಪಾಳೆ ತಟ್ಟಿದರು. ಕೂತೇ ತಟ್ಟಿದರು.

"ಶುರು ಮಾಡಿ," ಎಂದರು ಸೀ ಬುಬಕರ್.

"ಮಾಡ್ಲಿ, ನಾವು ನೋಡ್ತೀವಿ," ಎಂದಳು ಖಾಲ್ತಿ ಬರ್ಕಾಹುಮ್.

"ನೀವೇ ಮಾಡಬೇಕು!"

"ನಾವಾ? ನಾವು ಅತಿಥಿಗಳಲ್ವಾ ಸೀ ಬುಬಕರ್? ನೀವೇ ಸಹಿ ಹಾಕಿ ಕರೆದಿರಿ. ಅತಿಥಿ ಯಾರಾದ್ರೂ ಕರೆದವರ ಮರಿಗೆಗೆ ಕೈ ಹಾಕ್ತಾರಾ? ದೂರದಿಂದ ದೊಡ್ಡವರು ಬಂದಿದಾರೆ, ಅವರ ಮುಂದೆ ತುರ್ಕಿಯಾಳ ಮಾನ ಕಳೀಲಾ?"

ಕನ್ನಡಕದ ಮದಾಂ ಬರೆಯುತ್ತಿದ್ದ ಪುಸ್ತಕದಿಂದ ತಲೆಯೆತ್ತಿ, "ಸದಸ್ಯರು ಯಾವಾಗ ಕೆಲಸ ಶುರು ಮಾಡೋದು?" ಎಂದು ಕೇಳಿದರು.

ಸೀ ಬುಬಕರ್ ಹಣೆ ಒರೆಸಿಕೊಂಡರು. ಅಂಚೆ ಕಚೇರಿಯಲ್ಲಿ ಸಾಲು ಮುಂದೆ ಹೋಗದಿದ್ದಾಗ ಮಾಡುತ್ತಿದ್ದ ಹಾಗೆ ಕೋಟು ಕಳಚಿ ತೋಳು ಮಡಚಿದರು. "ಅಧ್ಯಕ್ಷರೇ ಮೊದಲು ಮಾಡೋದು ನಮ್ಮ ಸಂಪ್ರದಾಯ," ಎಂದು ಹೇಳಿ ಮರಿಗೆಯ ಮುಂದೆ ಕೂತರು. ಸೀ ಅಲ್ಲಾವಾ ಪಂಜರವನ್ನು ನನ್ನ ಕೈಗೆ ಕೊಟ್ಟು ಅವರ ಪಕ್ಕ ಕೂತರು. ಚೆಸ್ಸಿನವರು ನೀರಿನ ಹೂಜಿ ಹಿಡಿದರು. ಚಿಮುಕಿಸಬೇಕಾದ ನೀರನ್ನು ಸುರಿದೇಬಿಟ್ಟರು.

"ಅಯ್ಯೋ, ಕಡಿಮೆ, ಕಡಿಮೆ!"

"ನೀವು ನೀರು ಅಂದ್ರಿ, ಕೊಟ್ಟೆ."

"ಅದುಮಬೇಡ ಅಲ್ಲಾವಾ! ತಿರುಗಿಸು!"

"ತಿರುಗಿಸ್ತಾನೇ ಇದೀನಿ, ಅದೇ ತಿರುಗ್ತಾ ಇಲ್ಲ!"

ಅವರ ಬೆರಳ ಸಂದಿಯಿಂದ ಆಲಿವ್ ಕಾಯಿಯಷ್ಟು ದಪ್ಪದ ಉಂಡೆಗಳು ಹುಟ್ಟತೊಡಗಿದವು. ಒಂದೊಂದು ಉಂಡೆ ಹುಟ್ಟಿದಾಗಲೂ ಕುರ್ಚಿಯ ಸಾಲಿನಲ್ಲಿ ಒಬ್ಬೊಬ್ಬರ ಉಸಿರು ಸಿಕ್ಕಿಕೊಳ್ಳುತ್ತಿತ್ತು. ವನಾಸಾ ಕಣ್ಣು ಮುಚ್ಚಿಕೊಂಡಳು. ಖಾಲ್ತಿ ಬರ್ಕಾಹುಮ್ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. ಸೀ ಬುಬಕರ್ ಉತ್ಸಾಹದಿಂದ ಎರಡನೆಯ ಮರಿಗೆಗೂ ನೀರು ಹಾಕಿಸಿದರು. ಅಕ್ಕನ ಮದುವೆಯ ರವೆ ಹಿಟ್ಟಾಗಿ ಕಲಸಿಕೊಳ್ಳುತ್ತಿತ್ತು. ಅಕ್ಕ ಬಾಗಿಲ ಹಿಂದೆ ನಿಂತು ತಲೆವಸ್ತ್ರದ ಅಂಚು ಕಚ್ಚಿಕೊಂಡು ಅಳುತ್ತಿದ್ದಳು.

ನಾನು ಅಮ್ಮನನ್ನು ನೋಡಿದೆ. ಅವಳು ಮರಿಗೆಯನ್ನು ನೋಡಿದಳು, ಅಕ್ಕನನ್ನು ನೋಡಿದಳು, ಆಮೇಲೆ ಸಾಲಿನಲ್ಲಿ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಅವರೂ ಅವಳನ್ನೇ ನೋಡುತ್ತಿದ್ದರು. ಏನನ್ನೋ ಕಾಯುತ್ತಿರುವ ಹಾಗೆ. ಅಮ್ಮನ ಕತ್ತಿನ ನರ ಉಬ್ಬಿತು. ನೇರವಾಗಿ ಖಾಲ್ತಿ ಬರ್ಕಾಹುಮ್ ಮುಂದೆ ಹೋಗಿ ನಿಂತಳು.

"ಏನೇ ಬರ್ಕಾಹುಮ್, ಗೋಣಿಚೀಲ ಇಳಿಸಿದ ಹಾಗೆ ಕೂತಿದೀಯಲ್ಲ?"

ಸೀ ಅಲ್ಲಾವಾ ಕೈಯಲ್ಲಿದ್ದ ಉಂಡೆ ಕೆಳಗೆ ಬಿತ್ತು.

"ಸಕ್ಕರೆ ಪೊಟ್ಟಣ ತಂದು ಎಸೆದರೆ ಮುಗೀತಾ? ವಯಸ್ಸಾಯ್ತು, ಕೈ ನಡುಗತ್ತೆ, ಹೊಸೆಯಕ್ಕಾಗಲ್ಲ ಅಂತ ಒಪ್ಪಿಕೋ. ರೇಷ್ಮೆ ತೊಟ್ಟು ಮುಚ್ಚಿಡೋದ್ಯಾಕೆ?"

ಅವಮಾನವಾದ ಮೇಲೆ ಅತಿಥಿ ಅತಿಥಿಯಾಗಿ ಉಳಿಯುವುದಿಲ್ಲ. ಎದ್ದು ಮನೆಗೆ ಹೋಗಬೇಕು, ಇಲ್ಲ ಅಲ್ಲೇ ನಿಂತು ಲೆಕ್ಕ ತೀರಿಸಬೇಕು. ಖಾಲ್ತಿ ಬರ್ಕಾಹುಮ್ ಎದ್ದಳು.

"ಯಾರ ಕೈ ನಡುಗತ್ತೇ? ನಿನ್ನ ಮದುವೆ ಕುಸ್ಕುಸ್ ಹೊಸೆದ ಕೈ ಇದು! ನೀನು ಆವಾಗ ಮೂಲೇಲಿ ಕೂತು ಮೂಗು ಸುರಿಸ್ತಾ ಇದ್ದೆ! ನನಗೆ ಹೇಳ್ತಾಳಂತೆ! ಏಳ್ರೀ ಸೀ ಬುಬಕರ್, ಏಳಿ ಅಲ್ಲಿಂದ, ಕುಸ್ಕುಸ್ ಮಾಡ್ತಿದೀರಾ ಗೋಡೆ ಕಟ್ತಿದೀರಾ?" ಎಂದು ರೇಷ್ಮೆಯ ತೋಳನ್ನು ಮೊಣಕೈ ಮೇಲಕ್ಕೆ ಎಳೆದುಕೊಂಡು ಮರಿಗೆಯ ಮುಂದೆ ಕುಕ್ಕರಿಸಿದಳು. ಅಮ್ಮನ ಪಕ್ಕದಿಂದ ಹಾಯುವಾಗ ಹಲ್ಲಿನ ಸಂದಿಯಲ್ಲಿ, "ಇಷ್ಟು ಹೊತ್ತು ಬೇಕಾಯ್ತಾ ತುರ್ಕಿಯಾ? ಕೂತೂ ಕೂತೂ ಸೊಂಟ ಬಿದ್ದುಹೋಯ್ತು," ಎಂದದ್ದು ನನಗೆ ಕೇಳಿಸಿತು.

ಅಮ್ಮ ನಿಲ್ಲಲಿಲ್ಲ. ನಲವತ್ತು ವರ್ಷ ನುಂಗಿದ್ದೆಲ್ಲ ಅವಳ ನಾಲಿಗೆಯ ತುದಿಯಲ್ಲಿಯೇ ಇತ್ತು ಎಂದು ಕಾಣುತ್ತದೆ.

"ಝುಲೈಖಾ, ಸೊಸೆ ಬಂದ ಮೇಲೆ ನೀರು ಕಾಯಿಸೋದೂ ಮರೆತಿದೀಯಂತೆ?"

"ಯಾರು ಹೇಳಿದ್ದು? ಅವಳೇನಾ?" ಎಂದು ಝುಲೈಖಾ ಖುಷಿಯಿಂದ ಜಿಗಿದೆದ್ದಳು.

"ವನಾಸಾ, ನೀನು ಹೊಲಿಯೋ ಬಟ್ಟೆ ಹಾಗೇನಾ ನಿನ್ನ ಕುಸ್ಕುಸ್ಸೂ? ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ?"

"ತೋರಿಸ್ತೀನಿ ಬಾ!"

ಬೈಸಿಕೊಳ್ಳದವರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ತಮ್ಮ ಸರದಿ ಕಾಯುತ್ತಿದ್ದರು. ಕೊನೆಯ ಸಾಲಿನ ಒಬ್ಬಳು, "ತುರ್ಕಿಯಾ, ಈ ಕಡೇನೂ ಸ್ವಲ್ಪ ನೋಡು," ಎಂದು ಕೂಗಿಯೇಬಿಟ್ಟಳು. ಬಂಗಾರದ ಸರಗಳು ಬಿಚ್ಚಿ ಕರವಸ್ತ್ರಗಳಿಗೆ ಹೋದವು. ಕಫ್ತಾನುಗಳು ಸೊಂಟಕ್ಕೆ ಸಿಕ್ಕಿಕೊಂಡವು. ರವೆಯ ಮೇಲೆ ಅಂಗೈಗಳು ಸುತ್ತುವ ಸದ್ದು, ಜರಡಿಯ ಸದ್ದು, ಅದರ ಮೇಲೆ ಬೈಗುಳದ ಸದ್ದು ಎದ್ದಿತು.

"ಏನು ನಡೀತಿದೆ ಇಲ್ಲಿ?" ಎಂದು ಮದಾಂ ಕೇಳಿದರು.

ಸೀ ಬುಬಕರ್ ಒದ್ದೆ ರವೆ ಮೆತ್ತಿದ ಕೈಗಳನ್ನು ಗಾಳಿಯಲ್ಲಿ ಹಿಡಿದು ನಿಂತಿದ್ದರು. "ಇದು... ಸಂಘದ ಸರ್ವಸದಸ್ಯರ ಸಭೆ."

"ಓ, ಗೊತ್ತಾಗತ್ತೆ," ಎಂದು ಮದಾಂ ತಲೆಯಾಡಿಸಿದರು. "ಎಲ್ಲಾ ಕಡೇನೂ ಹೀಗೇ ನಡಿಯೋದು."

"ಗಂಡಸರೆಲ್ಲ ಹೊರಗೆ!" ಎಂದು ಖಾಲ್ತಿ ಬರ್ಕಾಹುಮ್ ತಲೆಯೆತ್ತದೆ ಕೂಗಿದಳು. "ಹೊಸೆಯೋ ಜಾಗದಲ್ಲಿ ಗಂಡಸರ ನೆರಳು ಬಿದ್ದರೆ ಹರಳು ಕಟ್ಟಲ್ಲ!" ಅಂಥ ಮಾತನ್ನು ನಾನು ಆವರೆಗೆ ಕೇಳಿರಲಿಲ್ಲ, ಬಹುಶಃ ಆಕೆಯೂ ಕೇಳಿರಲಿಲ್ಲ. ಆದರೆ ಮೀನಿನವರು, ಚೆಸ್ಸಿನವರು, ಎರಡೂ ಫುಟ್‌ಬಾಲಿನವರು ನಿಯೋಗದ ಗಂಡಸರನ್ನು ತಳ್ಳಿಕೊಂಡು ಬಾಗಿಲಿಗೆ ನುಗ್ಗಿದರು. ಸೀ ಬುಬಕರ್ ಹೊಸ್ತಿಲಲ್ಲಿ ನಿಂತು, "ನಾನು ಅಧ್ಯಕ್ಷ..." ಎಂದರು. ಝುಲೈಖಾ ಅವರ ಕೋಟನ್ನು ಕೈಗೆ ಕೊಟ್ಟು ಬಾಗಿಲು ಹಾಕಿದಳು. ಮದಾಂ ಒಳಗೇ ಉಳಿದರು. ಯಾರೋ ಆಕೆಯ ಕೈಗೆ ಜರಡಿ ಕೊಟ್ಟಿದ್ದರು, ಬರೆಯಲು ಕೈ ಬಿಡುವಿರಲಿಲ್ಲ.

ಆಗ ನನ್ನ ಹೆಸರು ಯಾರೋ ಮೆಲ್ಲಗೆ ಕರೆದರು. ತಿರುಗಿ ನೋಡಿದೆ. ವೇದಿಕೆಯ ಮೆತ್ತನೆಯ ಕುರ್ಚಿಯಲ್ಲಿ ಲಾಲ್ಲಾ ನಫೀಸಾ ಒಬ್ಬಳೇ ಕೂತಿದ್ದಳು. ಆಕೆಯ ಬೆರಳುಗಳು ಮಡಿಲಿನಲ್ಲಿ ತಾವಾಗಿಯೇ ಸುತ್ತುತ್ತಿದ್ದವು.

"ವಹೀಬಾ, ನಿಮ್ಮಮ್ಮನಿಗೆ ಹೇಳೇ. ನನಗೂ ಒಂದು ಮಾತು ಅನ್ನಲಿ."

ನಾನು ಅಮ್ಮನ ಹತ್ತಿರ ಓಡಿದೆ. ಅಮ್ಮ ಎರಡೂ ಕೈ ಮರಿಗೆಯಲ್ಲಿಟ್ಟು, "ಅಧ್ಯಕ್ಷರ ಹೆಂಡ್ತಿಗಾ? ನಿನಗೆ ಕೆಲಸ ಕೊಟ್ಟ ಮನೆ ಅದು. ನನ್ನ ಕೈಲಾಗಲ್ಲಪ್ಪ," ಎಂದಳು. ಅಷ್ಟು ಜನರನ್ನು ಬೈದವಳ ಧೈರ್ಯ ಅಲ್ಲಿಗೆ ಮುಗಿದಿತ್ತು. ಖಾಲ್ತಿ ಬರ್ಕಾಹುಮ್ ಕಡೆ ನೋಡಿದೆ. "ಮನೆಯವರೇ ಅನ್ನಬೇಕು ಹುಡುಗಿ. ನಾನಂದ್ರೆ ಅದು ಬರೀ ಜಗಳ," ಎಂದಳು. ಅಕ್ಕ ಮದುಮಗಳು, ಅವಳು ಬಾಯಿ ತೆರೆಯುವಂತಿಲ್ಲ.

ಮನೆಯವರಲ್ಲಿ ಉಳಿದವಳು ನಾನೊಬ್ಬಳೇ. ವೇದಿಕೆಯ ಮೆಟ್ಟಿಲು ಹತ್ತಿದೆ. ಸೀ ಅಲ್ಲಾವಾ ಅವರ ಪಂಜರ ಇನ್ನೂ ನನ್ನ ಕೈಯಲ್ಲೇ ಇತ್ತು, ಅದರೊಳಗಿನ ಹಕ್ಕಿ ರೆಕ್ಕೆ ಬಡಿಯುತ್ತಿತ್ತು.

"ಬೇಗ," ಎಂದಳು ಲಾಲ್ಲಾ ನಫೀಸಾ. "ಏನಾದ್ರೂ ಹೇಳು. ಜುಜುಬಿ ಆದ್ರೂ ಪರವಾಗಿಲ್ಲ."

"ನಿಮ್ಮ..." ಎಂದೆ.

"ಹೂಂ, ಹೇಳು ಮಗಳೇ, ನನ್ನ?"

"ನಿಮ್ಮ ಮನೆಯಿಂದ ಶುಕ್ರವಾರ ಸಮಿತಿಗೆ ಕಳಿಸೋ ಕುಸ್ಕುಸ್ ಪ್ಯಾಕೆಟ್ಟಿಂದು ಅಂತ ಊರಿಗೆಲ್ಲ ಗೊತ್ತು!"

ಇಷ್ಟನ್ನೂ ನಾನು ಮೆಲ್ಲಗೇ ಹೇಳಿದೆ ಅಂದುಕೊಂಡಿದ್ದೆ. ಆದರೆ ಮೈಕು ಅಲ್ಲೇ ಪಕ್ಕದಲ್ಲಿತ್ತು, ಸೀ ಬುಬಕರ್ ಅದನ್ನು ಆರಿಸದೆ ಹೋಗಿದ್ದರು. ನನ್ನ ದನಿ ಸಭಾಂಗಣವನ್ನೆಲ್ಲ ತುಂಬಿ, ಹೊರಗೆ ಕಂಬಕ್ಕೆ ಕಟ್ಟಿದ್ದ ಧ್ವನಿವರ್ಧಕದಿಂದ ಬೀದಿಗೆ ಬಿದ್ದು, ವೃತ್ತದ ಕಾಫಿ ಕೂಜದವರೆಗೂ ಹೋಯಿತೆಂದು ಆಮೇಲೆ ತಿಳಿಯಿತು. ಒಳಗೆ ಎಲ್ಲರ ಕೈಯೂ ನಿಂತಿತು. ಬಾಗಿಲ ಆಚೆ ಗಂಡಸರ ಗದ್ದಲವೂ ನಿಂತಿತು.

ಲಾಲ್ಲಾ ನಫೀಸಾಳ ಮುಖ ಕೆಂಪಾಯಿತು. ಕಿವಿಯ ತುದಿಯೂ ಕೆಂಪಾಯಿತು. ಆಕೆ ಎದ್ದಳು. ಇನ್ನು ನನ್ನ ಕೆಲಸ ಹೋಯಿತು ಎಂದುಕೊಂಡೆ. ಆಕೆ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಮೆತ್ತನೆಯ ಕುರ್ಚಿಯ ಮೇಲಿಟ್ಟಳು.

"ಪ್ಯಾಕೆಟ್ಟಾ?" ಎಂದಳು. "ಪ್ಯಾಕೆಟ್ಟಾ? ಎಲ್ಲಿದೆ ಮರಿಗೆ? ಆ ಕಡೆ ಸರಿಯೇ ಬರ್ಕಾಹುಮ್!"

"ನೋಡ್ಕೊಂಡು, ನೋಡ್ಕೊಂಡು, ಕೈ ನೆನಪಿದೆಯಾ ನಿನಗೆ?"

"ನಿನ್ನ ಕೆಲಸ ನೀನು ನೋಡು!"

ಕೈ ಅಷ್ಟೇನೂ ನೆನಪಿರಲಿಲ್ಲ. ಮೊದಲ ಮರಿಗೆ ದಪ್ಪ ಬಂತು. ಅದನ್ನು ಖಾಲ್ತಿ ಬರ್ಕಾಹುಮ್ ಮತ್ತೆ ಜರಡಿಗೆ ಹಾಕಿದಳು. ಎರಡನೆಯದು ಬೆರಳಿಗೆ ಸಿಕ್ಕಿತು. ಸೀ ಬುಬಕರ್ ಕಲಸಿದ ಮುದ್ದೆಗೆ ಒಣ ಹಿಟ್ಟು ಉದುರಿಸಿ ಉದುರಿಸಿ, ಬಯ್ದು ಬಯ್ದು ಅರ್ಧವನ್ನಾದರೂ ಹೆಂಗಸರು ಉಳಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಕಫ್ತಾನುಗಳ ಬಣ್ಣ ಕಾಣುತ್ತಿರಲಿಲ್ಲ, ಎಲ್ಲರೂ ಬೆಳ್ಳಗಾಗಿದ್ದರು. ಹಬೆಯಾಡಿಸಿದ ಕುಸ್ಕುಸ್ಸನ್ನು ಪಿಂಗ್‌ಪಾಂಗ್ ಮೇಜುಗಳ ಮೇಲೆ, ವೇದಿಕೆಯ ಮೇಲೆ, ಚೆಸ್ ಮೇಜಿನ ಮೇಲೆ ಬಟ್ಟೆ ಹಾಸಿ ಹರಡಿದೆವು. ಹಾಸುಬಟ್ಟೆ ಸಾಲದೆ ಬಂದಾಗ ಬಾಗಿಲಿನಿಂದ ಸಂಘದ ಹೆಸರಿನ ಬಟ್ಟೆಯನ್ನೂ ಇಳಿಸಿ ತಂದರು. ಕುಸ್ಕುಸ್ ಒಣಗುವವರೆಗೆ ಮೂರು ದಿನ ಊರಿನ ಯಾವ ಸಂಘವೂ ಸೇರಲಿಲ್ಲ. ಊರಿಗೆ ಏನೂ ಆಗಲಿಲ್ಲ.

ಮದಾಂ ಹೋಗುವಾಗ ಅಮ್ಮನ ಕೈ ಹಿಡಿದು, "ಇಂಥ ಸಂಘ ನಾನು ನೋಡಿರಲಿಲ್ಲ," ಎಂದರು. ಸೀ ಬುಬಕರ್ ಆ ಮಾತನ್ನು ಚೌಕಟ್ಟು ಹಾಕಿಸಲು ಬರಹದಲ್ಲಿ ಕೇಳಿದ್ದಾರೆ, ಇನ್ನೂ ಬಂದಿಲ್ಲ. ಜಿಲ್ಲಾ ಕೇಂದ್ರದ ಮಾತೂ ಬಂದಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಅಮ್ಮ, ಅಕ್ಕ, ನಾನು ಬೀಗ ಹಾಕಿ ಮನೆಗೆ ನಡೆದೆವು. ಅಮ್ಮನ ದನಿ ಒಡೆದುಹೋಗಿತ್ತು. ಸ್ವಲ್ಪ ದೂರ ಹೋಗಿ, "ಸೌಸನ್, ನೋಡಿದ್ಯಾ, ಹರಳು ಎಷ್ಟು ಸಣ್ಣಗೆ ಬಂದಿದೆ. ನಿಮ್ಮತ್ತೆ ಬಾಯಿ ತೆರೀಲಿ ನೋಡೋಣ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಷ್ಟು ಜೋರಾಗಿ ಹೇಳಬೇಕಿತ್ತಾ ನೀನು?"

"ಮೆಲ್ಲಗೇ ಹೇಳಿದ್ದು ಯೆಮ್ಮಾ."

"ನಾಳೆ ಕೆಲಸಕ್ಕೆ ಹೋಗ್ತೀಯಾ?"

"ಲಾಲ್ಲಾ ನಫೀಸಾ ಹತ್ತಿರ ಹೋಗ್ತೀನಿ. ಭವನಕ್ಕಲ್ಲ. ಅವರ ಮನೆಗೆ, ರವೆ ಜರಡಿ ಹಿಡಿಯೋಕೆ."

ಅಮ್ಮ ನಿಂತಳು. "ಕರೆದರಾ?"

"ಇಲ್ಲ ಯೆಮ್ಮಾ. 'ನಾಳೆ ರವೆ ತರಿಸ್ತೀನಿ, ಬಂದ್ರೆ ಬಾ, ಬರದಿದ್ರೆ ಹಾಳಾಗಿ ಹೋಗು' ಅಂದ್ರು."

"ಹಾಗಾದ್ರೆ ಎಲ್ಲರೂ ಹೋಗಬೇಕು," ಎಂದು ಅಮ್ಮ ಬೇಗ ಬೇಗ ಹೆಜ್ಜೆ ಹಾಕಿದಳು.